ಆರಿದ್ರಾ ಗಾಳಿಯಲ್ಲಿ ಗೇಣುದ್ದದ ಅಲೆ

ಕಲಬುರಗಿಯ ಅಪ್ಪನ ಕೆರೆಯಲ್ಲಿ ಪೂರ್ವದ ದಂಡೆಗೆ ಕಸ ಬಂದು ಸೇರತೊಡಗಿದರೆ ಮುಂಗಾರು ಗಾಳಿ ನೆಲೆ ನಿಂತಿತೆಂದೇ ತಿಳಿಯಬೇಕು. ಮಳೆ ಬಂದಿರಲಿ, ಬಾರದಿರಲಿ. ಅಂತರಗಂಗೆಯ ತುಂಡು, ಪೂಜೆಯ ಚೆಂಡುಹೂವು, ಕುರುಕಲು ತಿಂಡಿಯ ಪೊಟ್ಟಣ, ನೀರಿನ ಬಾಟಲಿ ಎಲ್ಲವೂ ಪಡುವಣದಿಂದ ಹೊರಟು ಮೂಡಣದ ಕಲ್ಲಿಗೆ ತಾಗಿ ನಿಲ್ಲುತ್ತವೆ. ಮೇ ತಿಂಗಳ ಅಡ್ಡಮಳೆಯ ದಿನಗಳಲ್ಲಿ ಹೀಗಾಗುವುದಿಲ್ಲ. ಆಗ ಸಂಜೆ ಮೋಡ ಯಾವ ದಿಕ್ಕಿನಲ್ಲಿ ಕಟ್ಟುತ್ತದೋ ಆ ದಿಕ್ಕಿನಿಂದ ತಣ್ಣನೆಯ ಗಾಳಿ ಧೂಳೆಬ್ಬಿಸಿಕೊಂಡು ನುಗ್ಗಿ, ಅರ್ಧ ಗಂಟೆ ಕುಣಿದು, ಎರಡು ಬೇವಿನ ಕೊಂಬೆ ಮುರಿದು ಹೋಗಿಬಿಡುತ್ತದೆ. ಕೆರೆಯ ಕಸ ಇದ್ದಲ್ಲೇ ಇರುತ್ತದೆ. ಮಿರಗ ಮಳೆ ಕೂಡುವ ಹೊತ್ತಿಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ, ಗಾಳಿಗೆ ಒಂದು ದಿಕ್ಕು ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಎದ್ದು, ಮಧ್ಯಾಹ್ನ ಮೂರು-ನಾಲ್ಕಕ್ಕೆ ಜೋರಾಗಿ, ಹೊತ್ತು ಮುಳುಗಿದ ಮೇಲೆ ಇಳಿಯುತ್ತದೆ. ಮರುದಿನ ಮತ್ತೆ ಹಾಗೆಯೇ.

ಹಗಲಿಗೆ ಜೋರಾಗುವುದಕ್ಕೆ ಕಾರಣ ಮೇಲಿದೆ. ಮುಂಗಾರಿನ ಗಾಳಿಯ ಮುಖ್ಯ ಹರಿವು ಹೋಗುವುದು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ಬಿಸಿಲಿಗೆ ಕಾದ ಎರೆಮಣ್ಣಿನಿಂದ ಗಾಳಿ ಮೇಲೇಳುತ್ತದೆ, ಮೇಲಿನ ವೇಗದ ಗಾಳಿ ಅದರ ಜಾಗಕ್ಕೆ ಕೆಳಗಿಳಿಯುತ್ತದೆ. ರಾತ್ರಿ ನೆಲ ತಣ್ಣಗಾದಾಗ ಈ ಕೊಡುಕೊಳ್ಳುವಿಕೆ ನಿಂತು, ಕೆಳಗೆ ಎಲೆ ಅಲುಗದಿದ್ದರೂ ಮೇಲೆ ಹರಿವು ನಡೆದೇ ಇರುತ್ತದೆ. ಆಷಾಢದ ರಾತ್ರಿ ಕೋಟೆಯ ಕಡೆ ನಿಂತು ಚಂದ್ರನ ಮುಂದೆ ಮೋಡದ ತುಣುಕುಗಳು ಪೂರ್ವಕ್ಕೆ ಓಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಮೇಲೆ ಗಾಳಿಯ ಓದು ಹೀಗೆ ಶುರುವಾಗುತ್ತದೆ. ಗಾಳಿ ಸೆಕೆಂಡಿಗೆ ಒಂದೆರಡು ಮೀಟರ್ ಬೀಸಿದರೆ ನೀರಿನ ಮೈಮೇಲೆ ಒಂದೆರಡು ಸೆಂಟಿಮೀಟರ್ ಅಂತರದ ಸಣ್ಣ ಗೆರೆಗಳು ಮೂಡುತ್ತವೆ, ಗಾಳಿ ನಿಂತ ಕೂಡಲೇ ಅಳಿಯುತ್ತವೆ. ಇವಕ್ಕೆ ಗಾತ್ರ ಕೊಡುವುದು ನೀರಿನ ಮೇಲ್ಮೈಯ ಬಿಗಿತ. ಅದಕ್ಕಿಂತ ದೊಡ್ಡ ಅಲೆಗಳನ್ನು ಭೂಮಿಯ ಸೆಳೆತ ಆಳುತ್ತದೆ, ಅವು ಗಾಳಿ ನಿಂತರೂ ಸ್ವಲ್ಪ ಹೊತ್ತು ಸಾಗುತ್ತವೆ. ಗಾಳಿಯ ಒಂದು ಹೊಡೆತ ಕೆರೆಯ ಮೇಲೆ ಬಿದ್ದರೆ ಅಲ್ಲೊಂದು ಕಪ್ಪು ತೇಪೆ ಕಾಣಿಸಿಕೊಂಡು ನಮ್ಮ ಕಡೆ ಓಡಿಬರುತ್ತದೆ. ಅದು ಕೈಗೆ ತಾಗುವ ಮೊದಲೇ ಕಣ್ಣಿಗೆ ತಾಗಿರುತ್ತದೆ. ಹಾಯಿ ಹಿಡಿದವರೆಲ್ಲ ಈ ಕಪ್ಪು ತೇಪೆಗಳನ್ನು ನೋಡುತ್ತಲೇ ಬದುಕುತ್ತಾರೆ. ಇನ್ನೂ ಜೋರಾದರೆ ಅಲೆಯ ತುದಿ ಮುರಿದು ಬಿಳಿ ನೊರೆ ಕಟ್ಟುತ್ತದೆ. ಫ್ರಾನ್ಸಿಸ್ ಬೋಫರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿ 1805ರಲ್ಲಿ ಗಾಳಿಗೆ ಅಂಕಿ ಕೊಟ್ಟು ಮಾಡಿದ ಪಟ್ಟಿ ಇಂದಿಗೂ ನಡೆಯುತ್ತದೆ. ಅದರ 4ನೇ ಮೆಟ್ಟಿಲು ಸಮುದ್ರದಲ್ಲಿ ಮೇಲಿಂದ ಮೇಲೆ ಬಿಳಿ ನೊರೆ, ನೆಲದ ಮೇಲೆ ಧೂಳು ಮತ್ತು ಕಾಗದದ ಚೂರು ಏಳುವ ಹೊತ್ತು, ಗಂಟೆಗೆ 20ರಿಂದ 28 ಕಿ.ಮೀ. ಈ ಲೆಕ್ಕದಲ್ಲಿ ನಮ್ಮ ಸೂಪರ್ ಮಾರ್ಕೆಟ್ ರಸ್ತೆ ಆಷಾಢದುದ್ದಕ್ಕೂ 4ರ ಮೇಲೆಯೇ ಇರುತ್ತದೆ.

ಜೋರು ಗಾಳಿಯ ಮಧ್ಯಾಹ್ನ ಕೆರೆಯ ಮೇಲೆ ಇನ್ನೊಂದು ಕಾಣಿಸುತ್ತದೆ. ನೊರೆ, ಎಲೆ, ಹೊಟ್ಟು ಗಾಳಿಯ ದಿಕ್ಕಿನಲ್ಲೇ ಉದ್ದುದ್ದ ಸಾಲಾಗಿ ನಿಲ್ಲುತ್ತವೆ, ನಡುನಡುವೆ ನೀರು ಸ್ವಚ್ಛ. 1927ರಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ರಸಾಯನ ವಿಜ್ಞಾನಿ ಅರ್ವಿಂಗ್ ಲಾಂಗ್ಮ್ಯೂರ್ ಕಡಲಪಾಚಿ ಹೀಗೆ ಸಾಲುಗಟ್ಟಿದ್ದನ್ನು ಕಂಡ. ಊರಿಗೆ ಮರಳಿ ನ್ಯೂಯಾರ್ಕ್ ರಾಜ್ಯದ ಜಾರ್ಜ್ ಸರೋವರದಲ್ಲಿ ಪರೀಕ್ಷೆ ನಡೆಸಿ, 1938ರಲ್ಲಿ ಬರೆದ. ಗಾಳಿಯ ಕೆಳಗೆ ನೀರು ಉದ್ದನೆಯ ಸುರುಳಿಗಳಾಗಿ ಹೊರಳುತ್ತದೆ, ಎರಡು ಸುರುಳಿ ಕೂಡಿ ಕೆಳಗಿಳಿಯುವಲ್ಲಿ ತೇಲುವ ವಸ್ತುಗಳು ಸಾಲಾಗುತ್ತವೆ ಎಂದು. ಆತನಿಗೆ ಅಷ್ಟೊತ್ತಿಗಾಗಲೇ ಬೇರೆ ಕೆಲಸಕ್ಕೆ ನೊಬೆಲ್ ಬಂದಿತ್ತು. ಕಸ ನೋಡುವುದು ಸಣ್ಣ ಕೆಲಸವಲ್ಲವೆಂದು ಸಮಾಧಾನಕ್ಕೆ ನೆನೆಯುತ್ತೇನೆ.

ಬೋಟಿಂಗ್ ನಡೆಯುವ ದಿನಗಳಲ್ಲಿ ಕಾಲಿನಿಂದ ತುಳಿಯುವ ದೋಣಿ ಕೊಡುವ ಹುಡುಗ ಗಿರಾಕಿಗಳಿಗೆ ಒಂದೇ ಮಾತು ಹೇಳುತ್ತಾನೆ: “ಮೊದಲು ಗಾಳಿ ಎದುರು ತುಳೀರಿ ಅಣ್ಣಾರ, ಬರೋವಾಗ ಅದೇ ತರ್ತದ. ಗಾಳಿ ಸಂಗಾಟ ಹೋದ್ರ ಆ ದಂಡ್ಯಾಗೇ ಕೂಡಬೇಕಾಗ್ತದ.” ವಿಂಡ್‌ಸರ್ಫಿಂಗ್ ಕಲಿಸುವವರು ಮೊದಲ ದಿನ ಹೇಳುವುದೂ ಇದನ್ನೇ.

ಈ ವಿಂಡ್‌ಸರ್ಫಿಂಗಿನ ಹುಚ್ಚು ನನ್ನ ಟಿಪ್ಪಣಿಗಳೊಳಗೆ ಬಂದದ್ದು ಪುಣೆಯಲ್ಲಿ ಕೆಲಸ ಮಾಡುವ ಅಣ್ಣನ ಮಗನಿಂದ. ಹಲಗೆಯ ಮೇಲೆ ನಿಂತು, ಕೈಯಲ್ಲಿ ಹಾಯಿ ಹಿಡಿದು ಗಾಳಿಯಲ್ಲಿ ಓಡುವ ಆಟ ಅದು. ಹಾಯಿಗಂಬವನ್ನು ಎತ್ತ ಬೇಕಾದರೂ ಬಾಗಿಸುವ ಒಂದು ಕೀಲೇ ಅದರ ಜೀವ. 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ, 1984ರಲ್ಲಿ ಒಲಿಂಪಿಕ್ಸ್ ಸೇರಿತು. ಹುಡುಗ ಫೋನು ಮಾಡಿ ಕೇಳಿದ: “ಕಾಕಾ, ಐಲ್ಯಾಂಡಿಗೆ ಹೋಗೋದದ. ಗಾಳಿ ಯಾವ ತಿಂಗಳಾಗ ಛಲೋ ಇರ್ತದ? ನೀವು ಗಾಳಿ ಬರ್ಕೋತ ಕೂಡ್ತೀರಲ್ಲ.”

“ಯಾವ ಐಲ್ಯಾಂಡು ಅದನ್ನು ಹೇಳೋ ಮೊದಲು,” ಎಂದೆ. ಅವನಿಗೆ ಎಲ್ಲ ದ್ವೀಪವೂ ಒಂದೇ. ತೆಂಗಿನ ಮರ, ನೀಲಿ ನೀರು.

ಅವನಿಗೆ ಹೇಳಿದ್ದರ ಮೊದಲ ಭಾಗ ಇದು. ಜುಲೈಯಲ್ಲಿ ಕಲಬುರಗಿಯ ಮೇಲೆ ಹಾಯುವ ಗಾಳಿ ಹುಟ್ಟುವುದು ಭೂಮಧ್ಯರೇಖೆಯ ಆಚೆ. ಮಾರಿಷಸ್, ರಿಯೂನಿಯನ್ ದ್ವೀಪಗಳ ದಕ್ಷಿಣಕ್ಕೆ ಆ ಋತುವಿನಲ್ಲಿ ದೊಡ್ಡದೊಂದು ಅಧಿಕ ಒತ್ತಡದ ವಲಯ ಕೂರುತ್ತದೆ. ಅದರಿಂದ ಹೊರಟ ಆಗ್ನೇಯ ಗಾಳಿ ಮಾರಿಷಸ್ ಮೇಲೆ ಹಾದು, ಆಫ್ರಿಕಾದ ಪೂರ್ವ ಕರಾವಳಿಗೆ ಬಂದು, ಕೀನ್ಯಾ ಬಳಿ ರೇಖೆ ದಾಟುತ್ತದೆ. ಭೂಮಿ ತಿರುಗುವುದರಿಂದ ಅಲ್ಲಿ ಬಲಕ್ಕೆ ಹೊರಳಿ, ಸೊಮಾಲಿಯಾದ ಎದುರು ಬಿರುಸಾಗಿ, ಅರಬ್ಬೀ ಸಮುದ್ರ ದಾಟಿ ನೈರುತ್ಯದಿಂದ ನಮ್ಮ ಕರಾವಳಿಗೆ ಬಡಿಯುತ್ತದೆ. ಈ ಹರಿವನ್ನು ಒಂದೇ ಎಳೆಯಾಗಿ ಗುರುತಿಸಿದ್ದು 1969ರಲ್ಲಿ ಜಾನ್ ಫೈಂಡ್ಲೇಟರ್ ಎಂಬ ಬ್ರಿಟಿಷ್ ಹವಾಮಾನ ತಜ್ಞ. ಅದಕ್ಕೆ ಅವನ ಹೆಸರೇ ನಿಂತಿದೆ. ಈ ಗಾಳಿ ಘಟ್ಟದಲ್ಲಿ ನೀರನ್ನೆಲ್ಲ ಸುರಿದು, ಹಗುರಾಗಿ ನಮಗೆ ಸಿಗುತ್ತದೆ. ಕಲಬುರಗಿಗೆ ವರ್ಷಕ್ಕೆ ಬರುವ ಮಳೆ ಮುಕ್ಕಾಲು ಮೀಟರಿನ ಆಸುಪಾಸು. ಗಾಳಿಗೆ ಮಾತ್ರ ಕೊರತೆಯಿಲ್ಲ.

2019ರ ನವೆಂಬರಿನಲ್ಲಿ ತೆರೆದ ನಮ್ಮ ವಿಮಾನ ನಿಲ್ದಾಣಕ್ಕೆ ಹೋಗಿ ನೋಡಿ. ಓಟದಾರಿ ಪೂರ್ವ–ಪಶ್ಚಿಮವಾಗಿ ಮಲಗಿದೆ. ವಿಮಾನ ಏರುವುದೂ ಇಳಿಯುವುದೂ ಗಾಳಿಯ ಎದುರು ಆಗಬೇಕು. ಊರಿನ ಗಾಳಿಯ ದಿಕ್ಕನ್ನು ಡಾಂಬರಿನಲ್ಲಿ ಬರೆದಿಟ್ಟಂತಾಗಿದೆ.

ಇಲ್ಲಿಂದ ಮುಂದೆ ಈ ಗಾಳಿ ಹೈದರಾಬಾದಿಗೆ ಹೋಗುತ್ತದೆ. ನೇರ ದೂರ ಸುಮಾರು 175 ಕಿ.ಮೀ. ಗಂಟೆಗೆ 40ರಂತೆ ಹೋದರೆ ನಾಲ್ಕೂವರೆ ತಾಸಿನ ದಾರಿ. ಹುಸೇನ್ ಸಾಗರದಲ್ಲಿ ಹಾಯಿದೋಣಿಯ ದೊಡ್ಡ ಪಂದ್ಯಗಳು ನಡೆಯುವುದು ಜುಲೈಯಲ್ಲಿ, ಈ ಗಾಳಿಯನ್ನೇ ನಂಬಿ. ಬುದ್ಧನ ವಿಗ್ರಹದ ಸುತ್ತ ಮಕ್ಕಳು ಮಧ್ಯಾಹ್ನ ಹಾಯಿಗೆ ತುಂಬಿಕೊಳ್ಳುವ ಗಾಳಿ ಬೆಳಿಗ್ಗೆ ಎಲ್ಲೋ ನಮ್ಮ ತೊಗರಿ ಹೊಲಗಳ ಮೇಲಿತ್ತು.

“ಅಂದ್ರ ನಮ್ಮ ಕೆರ್‍ಯಾಗೂ ಆಡಬಹುದಲ್ಲ?” ಎಂದ ಅಣ್ಣನ ಮಗ. ಗಾಳಿ ಸಾಕು. ಹಲಗೆ ನೀರನ್ನು ಕಚ್ಚಿಕೊಂಡು ಹೋಗುವುದನ್ನು ಬಿಟ್ಟು ಮೇಲೆದ್ದು ಜಾರಲು ಹನ್ನೆರಡು–ಹದಿನೈದು ನಾಟ್ ಬೇಕು, ಅಂದರೆ ಗಂಟೆಗೆ 22ರಿಂದ 28 ಕಿ.ಮೀ. ಅಪ್ಪನ ಕೆರೆಗೆ ಇಲ್ಲದ್ದು ಅಲೆ.

ಅಲೆಯ ಎತ್ತರ ಮೂರು ಸಂಗತಿಗಳ ಮೇಲೆ ನಿಂತಿದೆ: ಗಾಳಿಯ ವೇಗ, ಅದು ಬಿಡದೆ ಬೀಸಿದ ಹೊತ್ತು, ತೆರೆದ ನೀರಿನ ಮೇಲೆ ಅದಕ್ಕೆ ಸಿಕ್ಕ ಓಟದ ದೂರ. ಮೊದಲ ಎರಡನ್ನು ಆಷಾಢ ಧಾರಾಳವಾಗಿ ಕೊಡುತ್ತದೆ. ಮೂರನೆಯದನ್ನು ಯಾರೂ ಕೊಡಲಾರರು. ಗಂಟೆಗೆ 36 ಕಿ.ಮೀ. ಗಾಳಿಗೆ ಒಂದು ಕಿಲೋಮೀಟರ್ ನೀರು ಸಿಕ್ಕರೆ ಏಳುವ ಅಲೆ ಹದಿನೈದು–ಇಪ್ಪತ್ತು ಸೆಂಟಿಮೀಟರ್, ಗೇಣಿಗೆ ಸ್ವಲ್ಪ ಕಡಿಮೆ. ಬೆಳಕೋಟಾ ಬಳಿಯ ಗಂಡೋರಿ ನಾಲಾ ಜಲಾಶಯದಂಥ ಕಡೆ ಗಾಳಿಗೆ ಉದ್ದದ ನೀರು ಸಿಕ್ಕಾಗ ಗೇಣು ದಾಟುತ್ತದೆ. ಅಲ್ಲಿ ಕಲ್ಲುಹಾಸಿನ ಏರಿಗೆ ಅಲೆ ಬಡಿಯುವ ಸದ್ದು ಕಣ್ಣು ಮುಚ್ಚಿ ಕೇಳಿದರೆ ಕಾರವಾರವೆನ್ನಿಸೀತು. ಕಣ್ಣು ತೆರೆದರೆ ಎಮ್ಮೆ ಮೈ ತೊಳೆಸಿಕೊಳ್ಳುತ್ತಿರುತ್ತದೆ. ಅದೇ ಗಾಳಿ ಅರಬ್ಬೀ ಸಮುದ್ರದ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ವಾರಗಟ್ಟಲೆ ಓಡಿದಾಗ ನಮ್ಮ ಕರಾವಳಿಯ ಎದುರು ಮೂರು–ನಾಲ್ಕು ಮೀಟರ್ ಅಲೆ ಏಳುತ್ತದೆ. ಜೂನ್–ಜುಲೈ ಎರಡು ತಿಂಗಳು ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಮೀನಿನ ಸಂತಾನದ ಸಲುವಾಗಿ. ಆದರೆ ಆ ಕಡಲನ್ನು ಕಂಡವರು ನಿಷೇಧವಿರದಿದ್ದರೂ ದೋಣಿ ಇಳಿಸಲು ಯೋಚಿಸಿಯಾರು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ, ಮುರುಡೇಶ್ವರದ ಎದುರಿನ ನೇತ್ರಾಣಿಗೆ ಮಳೆಗಾಲದಲ್ಲಿ ಪ್ರವಾಸಿ ದೋಣಿ ಬಿಡುವುದಿಲ್ಲ. ಗಾಳಿ ಅತ್ಯುತ್ತಮವಾಗಿರುವ ತಿಂಗಳೇ ನಮ್ಮ ದ್ವೀಪಗಳು ಕೈಗೆ ಸಿಗದ ತಿಂಗಳು.

ಅಲೆ ಯಾವಾಗಲೂ ಅಲ್ಲಿಯ ಗಾಳಿಯದ್ದೇ ಆಗಬೇಕೆಂದೂ ಇಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಕೇರಳದ ದಂಡೆಗೆ ಆಕಾಶ ತಿಳಿಯಾಗಿರುವಾಗಲೇ ಕಡಲು ಉಕ್ಕಿಬರುವುದುಂಟು. ಅಲ್ಲಿಯ ಮೀನುಗಾರರು ಅದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ದಕ್ಷಿಣ ಮಹಾಸಾಗರದ ಬಿರುಗಾಳಿಯೊಂದು ದಿನಗಳ ಹಿಂದೆ ಎಬ್ಬಿಸಿದ ಅಲೆ ಅದು. ಹುಟ್ಟಿಸಿದ ಗಾಳಿ ಸತ್ತ ಮೇಲೂ ಸಾವಿರಾರು ಕಿಲೋಮೀಟರ್ ಸಾಗಿ ಬಂದಿರುತ್ತದೆ. ಇಂಥ ಅಲೆಗಳ ಮುನ್ಸೂಚನೆ ಹೊರಡುವುದು ಕಡಲಿಂದ ನೂರಾರು ಕಿಲೋಮೀಟರ್ ಒಳಗಿರುವ ಹೈದರಾಬಾದಿನಿಂದ. ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ‘ಇನ್‌ಕಾಯ್ಸ್’ ಇರುವುದು ಅಲ್ಲಿ. ದಖ್ಖಣದ ಕಲ್ಲಿನ ಮೇಲೆ ಕೂತು ಕಡಲಿನ ವಿಚಾರ ಮಾಡುವವ ನಾನೊಬ್ಬನೇ ಅಲ್ಲ.

ಅಣ್ಣನ ಮಗನಿಗೆ ಹೇಳಿದ್ದರ ಎರಡನೆಯ ಭಾಗ ದ್ವೀಪಗಳದ್ದು. ಮಾರಿಷಸ್‌ನ ನೈರುತ್ಯ ತುದಿಯ ಲೆ ಮೋರ್ನ್ ಎಂಬಲ್ಲಿ ಅಲ್ಲಿಯ ಗಾಳಿ, ದೂರದ ಅಲೆ ಎರಡೂ ಕೂಡುತ್ತವೆ. ಆಗ್ನೇಯ ಗಾಳಿ ದಂಡೆಗೆ ಅಡ್ಡವಾಗಿ ಬೀಸುತ್ತದೆ. ದಕ್ಷಿಣದ ದೂರದ ಅಲೆ ಹವಳದ ದಿಬ್ಬಕ್ಕೆ ಬಂದು ಮುರಿಯುತ್ತದೆ. ದಿಬ್ಬದ ಒಳಗೆ ಸಪಾಟು ನೀರು, ಹೊರಗೆ ನುರಿತವರಿಗೆ ಮಾತ್ರ. ಗಾಳಿ ದಂಡೆಗೆ ಅಡ್ಡವಾಗಿರುವುದೇ ಮೇಲು. ದಂಡೆಯಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ನೀರು ಎಣ್ಣೆ ಹಚ್ಚಿದಂತೆ ನುಣುಪಾಗಿ ಕಾಣುತ್ತದೆ, ಹೊಸಬರು ಅದನ್ನೇ ಸುರಕ್ಷಿತವೆಂದುಕೊಳ್ಳುತ್ತಾರೆ. ಹಾಯಿ ಬಿದ್ದರೆ ಅದು ಮನುಷ್ಯನನ್ನು ಹೊರಗೇ ಒಯ್ಯುತ್ತದೆ. ಜಂಜಿಬಾರಿನಲ್ಲಿ ವರ್ಷಕ್ಕೆ ಎರಡು ಗಾಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ‘ಕೂಸಿ’, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ‘ಕಸ್ಕಾಜಿ’. ಶ್ರೀಲಂಕಾದ ಕಲ್ಪಿಟಿಯದಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ನಮ್ಮ ಮುಂಗಾರೇ. ಮಾಲ್ದೀವ್ಸ್ ಫೋಟೋದಲ್ಲಿ ಚೆಂದ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ಗಾಳಿ ನಂಬುವಂಥದ್ದಲ್ಲ, ದಕ್ಷಿಣದ ದ್ವೀಪಗಳಿಗೆ ಹೋದಷ್ಟೂ ಇನ್ನೂ ಸಡಿಲ.

ಈ ಗಾಳಿಯ ಹಂಗಿನಲ್ಲಿ ಕಲಬುರಗಿ ಬದುಕಿದ್ದು ಹೊಸತಲ್ಲ. 1347ರಲ್ಲಿ ಇಲ್ಲಿ ರಾಜಧಾನಿ ಹೂಡಿದ ಬಹಮನಿಗಳ ಕುದುರೆಗಳು ಅರಬಸ್ಥಾನದಿಂದ, ಪರ್ಷಿಯಾದಿಂದ ಹಡಗಿನಲ್ಲಿ ಬರುತ್ತಿದ್ದವು. ಅವರ ಸುಲ್ತಾನ ಫಿರೋಜ್ ಶಾಹ ವರ್ಷವರ್ಷ ಗೋವೆ, ಚೌಲ ಬಂದರುಗಳಿಂದ ಹಡಗು ಕಳಿಸುತ್ತಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ, ರಾಜಧಾನಿ ಬೀದರಿಗೆ ಹೋದ ಮೇಲೆ, ರಷ್ಯಾದ ವ್ಯಾಪಾರಿ ಅಫಾನಾಸಿ ನಿಕಿತಿನ್ ಹೋರ್ಮುಜ್‌ನಿಂದ ಒಂದು ಕುದುರೆಯೊಂದಿಗೆ ಚೌಲಿಗೆ ಬಂದಿಳಿದ. ಮಳೆಗಾಲ ಹಿಡಿದು ಜುನ್ನರಿನಲ್ಲಿ ಕೂತ. ಆಮೇಲೆ ಬೀದರ ಸೇರಿದ, ಕಲಬುರಗಿಯನ್ನೂ ಕಂಡ. ಕಡಲು ಕಾಣದ ಊರಿನ ಲಾಯದಲ್ಲಿ ಎಷ್ಟು ಕುದುರೆ ಎಂಬುದನ್ನು ಅರಬ್ಬೀ ಸಮುದ್ರದ ಗಾಳಿ ತೀರ್ಮಾನಿಸುತ್ತಿತ್ತು.

ಕಮಲಾಪುರಕ್ಕೆ ನಾನು ಹೋಗುವುದು ಇದೇ ಗಾಳಿಯ ಇನ್ನೊಂದು ಮುಖ ನೋಡಲು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಎರೆಹೊಲಗಳ ಸಪಾಟು ಮುಗಿದು ಗುಡ್ಡ-ತಗ್ಗು ಶುರುವಾಗುವಲ್ಲಿ ಊರಿದೆ. ಮುಂದೆ ಮರಗುತ್ತಿಯ ಕಡೆ ನೆಲ ಏರುತ್ತ ಬೀದರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಗೆ ಸೇರುತ್ತದೆ. 2017ರಲ್ಲಿ ಓಡಾಟ ಪೂರ್ತಿ ಶುರುವಾದ ಬೀದರ–ಕಲಬುರಗಿ ರೈಲು ಅಲ್ಲೊಂದು ಸುರಂಗ ಹೊಗುತ್ತದೆ. ಗುಡ್ಡದ ನೆತ್ತಿಯ ಮೇಲೆ ಟೋಪಿ ನಿಲ್ಲದ ಗಾಳಿ, ಇಳಿದು ತೋಟಕ್ಕೆ ಬಂದರೆ ಮಾತು ಕೇಳುವಷ್ಟು ತಗ್ಗಿರುತ್ತದೆ. ಗುಡ್ಡ ಏರುವ ಗಾಳಿ ಒತ್ತೊತ್ತಾಗಿ ನೆತ್ತಿಯಲ್ಲಿ ವೇಗ ಪಡೆಯುತ್ತದೆ, ಆಚೆ ಇಳಿಯುವಾಗ ಹರಿದು ಸುಳಿಯಾಗುತ್ತದೆ. ದ್ವೀಪದಲ್ಲಿ ಹಾಯಿ ಹಿಡಿದವರು ಗುಡ್ಡದ ಮರೆಯ ನೀರಿಗೆ ಹೆದರುವುದು ಈ ಸುಳಿಗೇ. ಒಂದು ಕ್ಷಣ ಗಾಳಿ ಸತ್ತಿರುತ್ತದೆ, ಮರುಕ್ಷಣ ಬೇರೆ ದಿಕ್ಕಿನಿಂದ ಹೊಡೆಯುತ್ತದೆ.

ಈ ತಗ್ಗಿನ ಮರೆಯಲ್ಲಿಯೇ ಕಮಲಾಪುರದ ಕೆಂಪು ಬಾಳೆ ಬೆಳೆಯುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೆಲೆಯೂ ಹಾಗೆಯೇ ಇದೆ, ಕಲಬುರಗಿಯಲ್ಲಿ ಜನ ಡಜನ್ ಕೇಳಿ ನಾಲ್ಕು ಒಯ್ಯುತ್ತಾರೆ. ಗಿಡ ಎತ್ತರ, ಗೊನೆ ಭಾರ, ಬೆಳೆ ಬರಲು ಒಂದು ವರ್ಷಕ್ಕೂ ಹೆಚ್ಚು ಹೊತ್ತು. ಅಷ್ಟು ದಿನ ಎರಡು ಬೇಸಿಗೆಯ ಬಿರುಗಾಳಿ ತಡೆಯಬೇಕಾಗಬಹುದು. ಅದಕ್ಕೇ ಬಿದಿರಿನ ಊರೆ, ತೋಟದ ಪಡುವಣಕ್ಕೆ ಸಾಲುಮರ. ಆರಿದ್ರಾ ಮಳೆಯ ಹೊತ್ತಿಗೆ ನೋಡಿದರೆ ಎಲೆಗಳೆಲ್ಲ ದಿಂಡಿನಿಂದ ಅಂಚಿಗೆ ಸೀಳಿ ಝಾಲರಿಯಾಗಿರುತ್ತವೆ. ನಾನು ಸೀಳುಗಳನ್ನು ಅಳೆಯುತ್ತ ನಿಂತದ್ದನ್ನು ಕಂಡ ತೋಟದ ಹಿರಿಯರು ಹೇಳಿದರು: “ಹರಿದ ಎಲಿ ಕಂಡು ಹೆದರಬ್ಯಾಡ್ರಿ ಸರ. ಹರೀಲಾರದ ಎಲಿ ಗಿಡಾನೇ ಕೆಡವ್ತದ.”

ಅವರ ಮಾತಿನ ಹಿಂದೆ ಗಟ್ಟಿ ಲೆಕ್ಕವಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳು ನಾಲ್ಕು ಪಟ್ಟು. ಸೀಳಿದ ಎಲೆ ಗಾಳಿಯನ್ನು ಸೋಸಿ ಬಿಟ್ಟು, ಬುಡದ ಮೇಲಿನ ಎಳೆತ ಇಳಿಸುತ್ತದೆ. ವಿಂಡ್‌ಸರ್ಫ್ ಮಾಡುವವರು ಪೆಟ್ಟಿಗೆಯಲ್ಲಿ ಮೂರು-ನಾಲ್ಕು ಅಳತೆಯ ಹಾಯಿ ಹೊತ್ತು ತಿರುಗುವುದೂ ಇದಕ್ಕೆ. ಹತ್ತು ನಾಟ್‌ಗೆ ಏಳೆಂಟು ಚದರ ಮೀಟರ್ ಹಾಯಿ ಬೇಕಾದವರಿಗೆ ಇಪ್ಪತ್ತೈದಕ್ಕೆ ನಾಲ್ಕೂವರೆ ಸಾಕು. ಬಾಳೆಗೆ ಹಾಯಿ ಬದಲಿಸುವ ಸವಲತ್ತಿಲ್ಲ, ಇದ್ದದ್ದನ್ನೇ ಹರಿದುಕೊಳ್ಳುತ್ತದೆ.

ಗಾಳಿಯ ಕಾಲವನ್ನು ಕಮಲಾಪುರದ ರೈತರು ನನ್ನ ಫೋನಿಗಿಂತ ಮುಂಚೆ ಹೇಳುವುದು ಮಳೆ ನಕ್ಷತ್ರದ ಲೆಕ್ಕದಿಂದ: ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ. ಮಾಲ್ದೀವ್ಸ್‌ನ ಮೀನುಗಾರರೂ ಇದೇ ಇಪ್ಪತ್ತೇಳರ ಲೆಕ್ಕ ಇಟ್ಟಿದ್ದಾರೆ. ಅವರದಕ್ಕೆ ‘ನಕೈ’ ಎನ್ನುತ್ತಾರೆ. ಅವರ ರೋಅನು, ಮಿಯಹೆಲಿ, ಅದ ಎಂಬ ಅವಧಿಗಳು ನಮ್ಮ ರೋಹಿಣಿ, ಮಿರಗ, ಆರಿದ್ರಾಗಳಿಗಿಂತ ನಾಲ್ಕೈದು ದಿನ ಮುಂಚೆ ಕೂಡುತ್ತವೆ. ಹದಿನೆಂಟು ನಕೈ ಪಶ್ಚಿಮ ಗಾಳಿಗೆ, ಒಂಬತ್ತು ಈಶಾನ್ಯದ ಗಾಳಿಗೆ. ಕಮಲಾಪುರದವರು ಬಿತ್ತಲು, ಅವರು ದೋಣಿ ಇಳಿಸಲು ನೋಡುವುದು ಒಂದೇ ಪಟ್ಟಿ. ಅಣ್ಣನ ಮಗನಿಗೆ ಇದನ್ನು ಹೇಳಿದಾಗ ಅವನು ಟಿಕೆಟ್ಟಿನ ದರ ಹೇಳಿದ.

ಜೂನ್ ಮೊದಲ ವಾರ ಹತ್ತಿರವಾದಂತೆ ನಾನು ಕಮಲಾಪುರದ ಜಾಲಿ ಪೊದೆಗಳಲ್ಲಿ ಚಾತಕಕ್ಕೆ ಕಿವಿಗೊಡುತ್ತೇನೆ. ಕಪ್ಪು-ಬಿಳಿ ಮೈ, ತಲೆಗೆ ಜುಟ್ಟು, ಲೋಹ ಬಡಿದಂತೆ ಪಿಯು-ಪಿಯು. ಆಫ್ರಿಕಾದಿಂದ ಈ ಗಾಳಿಯ ಬೆನ್ನಿಗೆ ಬರುವ ಹಕ್ಕಿ ಅದು. ಇಲ್ಲಿಯ ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಟ್ಟು, ಗಾಳಿ ತಿರುಗುವ ಕಾಲಕ್ಕೆ ಹೊರಡುತ್ತದೆ. ಮಳೆಹನಿಗೆ ಬಾಯಿ ತೆರೆದು ಕೂರುವುದನ್ನು ನಾನು ಕಂಡಿಲ್ಲ. ಕಂಬಳಿಹುಳ ತಿನ್ನುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಚಾತಕಕ್ಕಿಂತ ದೊಡ್ಡ ಗಾಳಿಸವಾರ ಮಾತ್ರ ಏರೋಪ್ಲೇನ್ ಚಿಟ್ಟೆ, ಪ್ಯಾಂಟಾಲಾ ಫ್ಲೇವೆಸೆನ್ಸ್. ತೂಕ ಅರ್ಧ ಗ್ರಾಂ ಕೂಡ ಇಲ್ಲ. ಸೆಪ್ಟೆಂಬರಿನಲ್ಲಿ ಮಳೆ ಹೊರಪಾದ ಸಂಜೆ ಗಂಡೋರಿ ನಾಲಾದ ಏರಿಯ ಮೇಲೆ, ಗುಲಬರ್ಗಾ ವಿಶ್ವವಿದ್ಯಾಲಯದ ಬಯಲಿನ ಮೇಲೆ ನೂರಾರು ಒಟ್ಟಾಗಿ ತೇಲುತ್ತಿರುತ್ತವೆ. ಕೂರುವುದೇ ಅಪರೂಪ. ಹಿಂದಿನ ರೆಕ್ಕೆಯ ಬುಡ ಅಗಲ, ಬಡಿಯದೆ ತೇಲಲು ಅನುಕೂಲ. ಮಾಲ್ದೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್, ಪ್ರತಿ ಅಕ್ಟೋಬರಿನಲ್ಲಿ ಮಾಲೆಗೆ ಈ ಚಿಟ್ಟೆಗಳು ಲಕ್ಷಾಂತರ ಬಂದಿಳಿಯುವುದನ್ನು ವರ್ಷಗಟ್ಟಲೆ ಬರೆದಿಟ್ಟ. ಅಲ್ಲಿ ಮೊಟ್ಟೆಯಿಡಲು ಸಿಹಿನೀರಿನ ಹೊಂಡಗಳೇ ಇಲ್ಲವೆನ್ನಬೇಕು. ಹಾಗಾದರೆ ಬರುವುದೇಕೆ? ಭಾರತದಿಂದ ಹೊರಟು, ದ್ವೀಪಗಳ ಮೇಲೆ ಹಾದು, ಪೂರ್ವ ಆಫ್ರಿಕಾದ ಮಳೆಗೆ ಹೋಗುತ್ತಿವೆ ಎಂದು 2009ರಲ್ಲಿ ಪ್ರಕಟಿಸಿದ. ತಲೆಮಾರುಗಳು ಬದಲಾಗುತ್ತ ಇಡೀ ಸುತ್ತು 14 ಸಾವಿರದಿಂದ 18 ಸಾವಿರ ಕಿಲೋಮೀಟರ್.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ವಿವರ ಒಂದಿದೆ. ಅಕ್ಟೋಬರಿನಲ್ಲಿ ಮಾಲೆಯ ದಂಡೆಯಲ್ಲಿ ಗಾಳಿ ಇನ್ನೂ ಪಶ್ಚಿಮದ್ದೇ ಇರುತ್ತದೆ, ಚಿಟ್ಟೆಗಳಿಗೆ ಎದುರು. ಆದರೆ ಕಿಲೋಮೀಟರಿಗೂ ಮೇಲೆ ಈಶಾನ್ಯದ ಗಾಳಿ ಆಗಲೇ ತಿರುಗಿರುತ್ತದೆ. ಅವು ಬರುವುದು ಆ ಮೇಲಿನ ಗಾಳಿಯಲ್ಲಿ ಎಂಬುದು ಆ್ಯಂಡರ್ಸನ್ ತರ್ಕ. ದಂಡೆಯಲ್ಲಿ ಬೆರಳು ನೆನೆಸಿ ಗಾಳಿ ನೋಡುವ ಪ್ರವಾಸಿಗೆ ಒಂದೇ ಗಾಳಿ ಸಿಗುತ್ತದೆ. ಅರ್ಧ ಗ್ರಾಮೂ ತೂಗದ ಈ ಜೀವಕ್ಕೆ ಎರಡರ ಲೆಕ್ಕವೂ ಸಿಕ್ಕಿದೆ. ಹೇಗೆ ಸಿಕ್ಕಿತೆಂಬುದಕ್ಕೆ ನೆಲದಿಂದ ನೋಡುವವರ ಬಳಿ ಉಪಕರಣ ಕಡಿಮೆ. ಮರಿಗಳನ್ನಾದರೆ ನೋಡಬಹುದು. ಕಮಲಾಪುರದ ರಸ್ತೆಬದಿ ಮುರುಮ್ ತೆಗೆದ ಹೊಂಡಗಳಲ್ಲಿ ಮಳೆನೀರು ಎರಡು-ಮೂರು ತಿಂಗಳು ನಿಲ್ಲುತ್ತದೆ. ಈ ಚಿಟ್ಟೆಯ ಮರಿ ನೀರಿನಲ್ಲಿ ಬೆಳೆಯಲು ಬೇಕಾದ್ದು ಆರೆಂಟು ವಾರ. ಹೊಂಡ ಬತ್ತುವ ಮೊದಲು ಅದು ಹುಲ್ಲಿನ ಕಡ್ಡಿ ಏರಿ, ಪೊರೆ ಅಲ್ಲೇ ಬಿಟ್ಟು ಹಾರುತ್ತದೆ. ಉತ್ತರೆಯಿಂದ ಚಿತ್ತೆಯ ತನಕ ಯಾವ ಹೊಂಡದಲ್ಲಿ ಎಷ್ಟು ಪೊರೆ, ಆ ದಿನದ ಗಾಳಿ ಎತ್ತಣದ್ದು, ಮೇಲಿನ ಮೋಡ ಎತ್ತ ಹೊರಟಿತ್ತು ಎಂಬ ಮೂರು ಕಾಲಂ ಗೀಚಿ ಹೊಸ ವಹಿ ಇಟ್ಟಿದ್ದೇನೆ. ಮುರುಮ್ ಹೊಂಡ ಮುಚ್ಚಲು ಟ್ರ್ಯಾಕ್ಟರ್ ಬಾರದಿದ್ದರೆ ಈ ವರ್ಷದ್ದು ಪೂರ್ತಿ ಸಿಗುತ್ತದೆ.